ಬೆಲೆ ಬರೆಯುವವಳು

ರಿಯೇಕಾದ ಮೀನು ಮಾರುಕಟ್ಟೆಗೆ ತಿಂಗಳಿಗೊಮ್ಮೆ ಹೋಗುತ್ತೇನೆ,
ಒಂದೂ ಮೀನು ಕೊಳ್ಳದೆ ಬರುತ್ತೇನೆ.
ಅಂಕಿಅಂಶ ಇಲಾಖೆಯವಳು ನಾನು.
ಬೂತಾಯಿ ಕಿಲೋಗೆ ಎಷ್ಟು, ಬ್ರೆಡ್ಡು ಎಷ್ಟು,
ಗಂಡಸರ ಕ್ಷೌರಕ್ಕೆ ಎಷ್ಟು, ಸತ್ತವರ ಪೆಟ್ಟಿಗೆಗೆ ಎಷ್ಟು.
ಅದೇ ಅಂಗಡಿ, ಅದೇ ಸರಕು, ಹತ್ತೊಂಬತ್ತು ವರ್ಷ.

ಯಾಗೊಡಾ ತಕ್ಕಡಿಯ ಹಿಂದಿನಿಂದಲೇ ಕೂಗುತ್ತಾಳೆ:
"ಬಂದಳು ನೋಡಿ, ನಾಡಿ ಹಿಡಿಯುವವಳು!
ಜ್ವರ ಎಷ್ಟೇ ಈ ತಿಂಗಳು?"
ನನಗೇನು ಗೊತ್ತು. ನಾನು ಬರೆಯುತ್ತೇನೆ, ಅಷ್ಟೆ.
ಮದ್ದು ಕೊಡುವವರು ಬೇರೆ, ಅವರ ಊರೂ ಬೇರೆ.

ಒಳಗೆ ಸೇರುವ ಮುಂಚಿನ ಆ ಎರಡು ವರ್ಷ
ಜಾಗ್ರೆಬ್‌ನಿಂದ ಫೋನೋ ಫೋನು.
ಬೆಲೆ ಇಷ್ಟಕ್ಕಿಂತ ಏರಬಾರದು,
ಕೊರತೆ ಇಷ್ಟಕ್ಕಿಂತ ಹಿಗ್ಗಬಾರದು, ಸಾಲ ಇಳಿಯುತ್ತಿರಬೇಕು.
ತಪಾಸಣೆಯವರು ಹತ್ತುವ ಮುನ್ನ
ಗುಜರಿಯನ್ನೆಲ್ಲ ಹಡಗಿನ ತಳಕ್ಕೆ ತಳ್ಳಿದ ಹಾಗೆ
ಒಂದು ದೇಶವೇ ಉಸಿರು ಬಿಗಿಹಿಡಿದಿತ್ತು.
ಹಾಸಿಗೆ ಇದ್ದಷ್ಟು ಕಾಲು ಚಾಚು, ಸರಿ.
ಹಾಸಿಗೆ ಹೊಲಿದವರು
ಒಮ್ಮೆಯಾದರೂ ನಮ್ಮ ಕಾಲು ನೋಡಿದ್ದರೇ?

ಏಳು, ಚುಕ್ಕೆ, ಐದು ಮೂರು ನಾಲ್ಕು ಐದು:
ಶಾಲೆಯ ಮಕ್ಕಳೂ ಮಗ್ಗಿಯಂತೆ ಉರು ಹೊಡೆದರು.
ಜನವರಿಯ ಚಳಿಯಲ್ಲಿ
ಕಿಸೆಯಿಂದ ಪ್ರಾಣಿಗಳು ಹೊರಟವು.
ಒಂದು ಕುನಾದ ನೈಟಿಂಗೇಲ್,
ಎರಡರ ಟ್ಯೂನಾ, ಐದರ ಕಂದು ಕರಡಿ.
ಬ್ಯಾಂಕಿನ ಚೀಲಗಳಲ್ಲಿ ಇಡೀ ಕಾಡೊಂದು ಸದ್ದಿಲ್ಲದೆ ಸಾಗಿಹೋಯಿತು.
ಮುಂಗುಸಿಯ ಹಾಗಿರುವ ಕುನಾ ಮಾತ್ರ
ಹೊಸ ಯುರೋದ ಬೆನ್ನಿಗೆ ಅಂಟಿಕೊಂಡು ಉಳಿಯಿತು,
ಮಾರಿದ ಮನೆ ಬಿಡದ ಬೆಕ್ಕಿನಂತೆ.

ಹತ್ತು ಕುನಾದ ಕಾಫಿ
ಒಂದು ಯುರೋ ಮೂವತ್ತಮೂರು ಸೆಂಟ್ ಆಗಬೇಕು.
ವ್ಯೆಕೊನ ಕೆಫೆಯಲ್ಲಿ ಒಂದೂವರೆ.
"ಚಿಲ್ಲರೆ ಯಾರು ಎಣಿಸುತ್ತಾರೆ ನೆವೆಂಕಾ,
ದುಂಡಗೆ ಮಾಡಿದೆ," ಅಂದ.
ದುಂಡಗೆ ಎನ್ನುವುದಕ್ಕೆ ನನ್ನ ಫಾರಮ್ಮಿನಲ್ಲಿ ಜಾಗವಿಲ್ಲ.

ಶ್ಪೀರೋನನ್ನು ಕೇಳಿದರೆ ಬೇರೆಯೇ ಮಾತು.
ಸ್ವಿಸ್ ಫ್ರಾಂಕಿನಲ್ಲಿ ಮನೆಸಾಲ ಮಾಡಿ
ರಾತ್ರಿ ಮಲಗಿ ಬೆಳಗ್ಗೆ ಏಳುವಷ್ಟರಲ್ಲಿ
ಇನ್ನೂ ದೊಡ್ಡ ಸಾಲಗಾರನಾಗಿದ್ದವನು.
"ಸ್ವಂತ ನಾಣ್ಯದ ಹೆಮ್ಮೆ ನೀನೇ ಇಟ್ಟುಕೊ ತಾಯಿ.
ದುಡಿಯುವುದೂ ತೀರಿಸುವುದೂ ಒಂದೇ ದುಡ್ಡಾದರೆ
ನನಗೆ ನಿದ್ದೆ ಬರುತ್ತದೆ."
ಸುಳ್ಳಲ್ಲ ಅವನು ಹೇಳುವುದು.
ಕರಡಿ ಕಿಸೆಯಲ್ಲಿದ್ದಾಗಲೂ ನಮ್ಮ ಸಾಲಗಳು
ಪರದೇಶದ ಭಾಷೆಯಲ್ಲೇ ಕನಸು ಕಾಣುತ್ತಿದ್ದವು.

ಆದರೂ, ಹಡಗುಕಟ್ಟೆಯ ಕ್ರೇನು ನೋಡು.
ಮುಳುಗುವವನಿಗೆ ಸರ್ಕಾರ ಹಗ್ಗ ಎಸೆಯಬೇಕೆಂದರೆ
ಹಗ್ಗದ ಉದ್ದಕ್ಕೆ ಒಕ್ಕೂಟದ ಒಪ್ಪಿಗೆ ಬೇಕು.
ಕೆಟ್ಟ ಕಾಲಕ್ಕೆ ನಾಣ್ಯವನ್ನು ಒಂದಿಷ್ಟು ಬಗ್ಗಿಸಬಹುದೆಂದು
ಪುಸ್ತಕದಲ್ಲಾದರೂ ಇತ್ತು.
ಈಗ ನಾಣ್ಯ ಬಗ್ಗುವುದಿಲ್ಲ.
ಬಗ್ಗಬೇಕಾದ್ದು ಸಂಬಳ, ಇಲ್ಲವೇ ಬೆನ್ನು.
ಎರಡೂ ಆಗದ ನನ್ನ ತಮ್ಮ ವೆಲ್ಡಿಂಗ್ ಕನ್ನಡಕ ಸುತ್ತಿಕೊಂಡು
ಬ್ರೆಮೆನ್ನಿನ ಬಸ್ಸು ಹತ್ತಿದ.
ಗಡಿಯಲ್ಲಿ ಯಾರೂ ತಡೆಯಲಿಲ್ಲವಂತೆ.
ಅದನ್ನು ಖುಷಿಯಿಂದ ಹೇಳಿದನೋ, ಇನ್ನು ಹೇಗೋ,
ಫೋನಿನಲ್ಲಿ ತಿಳಿಯಲಿಲ್ಲ.

ಇಪ್ಪತ್ತು ಮನೆಗೆ ಒಂದೇ ಒಲೆ ಫ್ರಾಂಕ್‌ಫರ್ಟಿನಲ್ಲಿ.
ಉರಿ ಹೆಚ್ಚಿಸಿದರೆ ಒಬ್ಬರದು ಸೀಯುತ್ತದೆ,
ತಗ್ಗಿಸಿದರೆ ಇನ್ನೊಬ್ಬರದು ಹಸಿ.
ಯಾಗೊಡಾಳ ಬೂತಾಯಿ ನನ್ನ ಬೆರಳ ತುದಿಯಿಂದ ಹೊರಟು
ಆ ಅಡುಗೆಮನೆ ಮುಟ್ಟುವಷ್ಟರಲ್ಲಿ
ದಶಮಾಂಶದ ಎಷ್ಟನೆಯ ಮನೆಯಲ್ಲಿ
ಕೂತಿರುತ್ತದೋ, ಮುಳ್ಳೂ ಉಳಿದಿರುತ್ತದೋ ಇಲ್ಲವೋ.

ಇವತ್ತು ಬುರಾ ಗಾಳಿ. ದೋಣಿ ಇಳಿದಿಲ್ಲ.
ಕಲ್ಲಿನ ಕಟ್ಟೆಯ ಮೇಲೆ ಬರೀ ಐಸು.
"ಇಲ್ಲದ ಮೀನಿಗೆ ಏನು ಬೆಲೆ ಬರೆಯುತ್ತೀ?"
ಸರಕು ಸಿಗದಿದ್ದರೆ ಹೋದ ತಿಂಗಳದ್ದನ್ನೇ ಬರೆ, ಅದು ನಿಯಮ.
ಬರೆದೆ.
ಅವಳು ಸುಮ್ಮನೆ ತಕ್ಕಡಿ ಒರೆಸುತ್ತಿದ್ದಳು.
ಹೊಸ ಯಂತ್ರ, ಗ್ರಾಮಿಗೂ ಲೆಕ್ಕ ಕೊಡುತ್ತದೆ.
ಕಟ್ಟೆ ಮಾತ್ರ ಹಳೆಯದು, ಒಂದು ಕಡೆ ವಾಲಿದೆ.
ಅಲುಗದಿರಲೆಂದು ಅದರ ಒಂದು ಕಾಲಿನಡಿ
ಐದು ಕುನಾ ಇಟ್ಟಿದ್ದಾಳೆ,
ಕರಡಿ ಕೆಳಮುಖ.