ಮೂರು ಗೇಣಿಗೆ ಅರ್ಧ ಬೆರಳು ಕಮ್ಮಿ

ಏಳಕ್ಕೆ ಹತ್ತು ನಿಮಿಷ ಇರುವಾಗ ಮೊದಲ ಕೂಗು.
ಅಶೋಕಪುರಂನ ಕ್ರಾಸು ಕ್ರಾಸಿನಲ್ಲೂ
ಮುದ್ದೆಕೋಲು ಒಂದು ಸುತ್ತು ಜೋರಾಗಿ ತಿರುಗುತ್ತಿತ್ತಂತೆ.
ಗಡಿಯಾರ ಇದ್ದದ್ದು ವರ್ಕ್‌ಶಾಪಿನ ಗೋಡೆಗೆ,
ಟೈಮು ಇದ್ದದ್ದು ನಮ್ಮಜ್ಜಿ ಕೆಂಪಸಿದ್ದಮ್ಮನ ಒಲೆಯಲ್ಲಿ.

ತಾತ ಜವರಯ್ಯ, ಟೋಕನ್ ನಂಬರ್ ನಾನೂರ ಹದಿನೆಂಟು.
ಕಲಾಸಿಯಾಗಿ ಸೇರಿದ ದಿನ ಸಾಹೇಬ ಕೇಳಿದನಂತೆ,
ಏನು ಕೆಲಸ ಬರುತ್ತೆ?
‘ಬಗ್ಗಕ್ ಬತ್ತದೆ ಸ್ವಾಮಿ.’
ಬಾಯ್ಲರಿನ ಹೊಟ್ಟೆಗೆ ಇಳಿಸಿದರು.
ಒಳಗೆ ಉಪ್ಪುಗಟ್ಟಿದ ಕತ್ತಲು, ಕೈಯಲ್ಲೊಂದು ಉಳಿ.
ಹೊರಗೆ ಬಂದವರೆಲ್ಲ ಮಸಿ ಮೆತ್ತಿ ಒಂದೇ ಜಾತಿ;
ನೀರಿನ ಗಡಿಗೆ ಹತ್ತಿರ ಹೋದಾಗ
ಮತ್ತೆ ಗುರುತು ಹತ್ತುತ್ತಿತ್ತು.
ಅದನ್ನು ತಾತ ಒಂದೇ ಸಲ ಹೇಳಿದ್ದು.
ಹೇಳಿ, ಬೀಡಿ ಹಚ್ಚಿಕೊಂಡಿದ್ದು.

ಮರದ ಶಾಪಿನಲ್ಲಿ ಅಂಥೋಣಿಸ್ವಾಮಿ,
ತೇಗದ ಬೋಗಿಗಳ ಆಚಾರಿ.
ಮಳೆ ಬಿದ್ದರೆ ಬಾಗಿಲು ಎಷ್ಟು ಉಬ್ಬುತ್ತದೆಂದು
ಹಲಗೆ ಮೂಸಿಯೇ ಹೇಳುತ್ತಿದ್ದ.
ನಮ್ಮಪ್ಪ ಹುಟ್ಟಿದಾಗ ಅವನು ಬರೆಸಿದ ಗೇಟ್ ಪಾಸ್:
‘ಮುರುಕು ಹಲಗೆ, ಉರುವಲಿಗೆ.’
ಉರುವಲು ನಮ್ಮ ಮನೆಯಲ್ಲಿ ತೊಟ್ಟಿಲಾಯಿತು.
ಅದರ ಒಂದು ಪಕ್ಕದಲ್ಲಿ ಇವತ್ತಿಗೂ ಓದಬಹುದು,
ಮಾಸಿದ ಬಿಳಿ ಅಕ್ಷರ: ಕೂರಲು ಎಂಟು ಜನ.
ಅಪ್ಪ, ಚಿಕ್ಕಪ್ಪ, ಮೂವರು ಅತ್ತೆಯರು, ನಾನು, ತಮ್ಮ...
ಇನ್ನೊಂದು ಸೀಟು ಖಾಲಿ ಇದೆ.

ಆಮೇಲೆ ತಾತನಿಗೆ ಸುತ್ತಿಗೆ ಸಿಕ್ಕಿತು.
ಉದ್ದ ಹಿಡಿ, ಪುಟ್ಟ ತಲೆ.
ಗಾಲಿಗೆ ಒಂದು ಏಟು, ಕಿವಿ ಒಂದು ಗಳಿಗೆ.
ಗಟ್ಟಿ ಗಾಲಿ ಠಣ್ ಅಂದು ತನ್ನ ಹೆಸರು ಹೇಳುತ್ತದೆ,
ಬಿರುಕಿನ ಗಾಲಿ ಟಪ್ ಅಂದು ಬಾಯಿ ಮುಚ್ಚಿಕೊಳ್ಳುತ್ತದೆ.
‘ಸುಳ್ಳು ಹೇಳೋ ಕಬ್ಬಿಣ ನಾನ್ ನೋಡಿಲ್ಲ ಮಗ.’
ದೇವರಾಜ ಮಾರ್ಕೆಟ್ಟಿನಲ್ಲಿ ಗಡಿಗೆ ಕೊಳ್ಳುವಾಗಲೂ
ಬೆರಳ ಗೆಣ್ಣಲ್ಲಿ ಹನ್ನೆರಡು ಗಡಿಗೆ ಮಾತಾಡಿಸಿ
ಹದಿಮೂರನೆಯದಕ್ಕೆ ದುಡ್ಡು ಕೊಡುತ್ತಿದ್ದ.
ಅಂಗಡಿಯವಳು ಬಯ್ಯುತ್ತಿದ್ದಳು.

ಹೊಗೆಯ ಇಂಜಿನ್ನುಗಳು ಒಂದೊಂದೇ ನಿಂತವು.
ಕುಲುಮೆ ದಸ್ತಗೀರ್ ಸಾಬರ ಮಗ ಬೆಸುಗೆ ಕಲಿತ.
ತೇಗ ಹೋಗಿ ತಗಡು ಬಂತು.
ಕೊನೆಗೆ, ತಾತ ರಿಟೈರಾಗಲು ಏಳು ತಿಂಗಳಿರುವಾಗ,
ಹಳಿಗಳೇ ದೂರ ಸರಿದವು.
ಅಂಗಳದಲ್ಲಿ ಹೊಸ ಹಳಿ ಹಾಸಿದ ಸಂಜೆ
ಅವನು ಮೊಣಕಾಲೂರಿ ಕೂತು
ಹಳೆ ಅಗಲಕ್ಕೂ ಹೊಸ ಅಗಲಕ್ಕೂ ನಡುವಿನ ವ್ಯತ್ಯಾಸವನ್ನ
ಕೈ ಬಿಚ್ಚಿ ಅಳೆದನಂತೆ.
ಮೂರು ಗೇಣಿಗೆ ಅರ್ಧ ಬೆರಳು ಕಮ್ಮಿ.
‘ಇಷ್ಟೇಯಾ?’
ಇಷ್ಟಕ್ಕೇ ಗುಂಡಿಗಳನ್ನೆಲ್ಲ ಮತ್ತೆ ಅಗೆದದ್ದು,
ಇಷ್ಟಕ್ಕೇ ಲೇತುಗಳು ಬುಡ ಕಿತ್ತು ಮಲಗಿದ್ದು,
ಸಾಲು ಸಾಲು ಬೋಗಿಗಳ ಬೆನ್ನ ಮೇಲೆ
ಸುಣ್ಣದಲ್ಲಿ ‘ಕಂಡಮ್’ ಅಂತ ಬರೆದದ್ದು.
ಗ್ಯಾಸಿನ ಜ್ವಾಲೆ ಕೊಯ್ಯುವಾಗ
ಒಂದು ಬೋಗಿಯಿಂದ ಗುಬ್ಬಿಗೂಡು ಬಿತ್ತು.
ಕೊಯ್ಯುವವನು ಅರ್ಧ ದಿನ ಬೇರೆ ಬೋಗಿಗೆ ಹೋದ,
ಮೇಸ್ತ್ರಿ ಏನೂ ಕೇಳಲಿಲ್ಲ.

ಈಗ ನಾನು ಅದೇ ಗಾಲಿ ಶಾಪಿನಲ್ಲಿದ್ದೇನೆ.
ಟೋಕನ್ ಇಲ್ಲ, ಹೆಬ್ಬೆರಳು ಒತ್ತಿ ಒಳಗೆ.
ಗಾಲಿಗೆ ಎಣ್ಣೆ ಹಚ್ಚಿ
ಯಾರಿಗೂ ಕೇಳಿಸದ ಸದ್ದೊಂದನ್ನು ಒಳಗೆ ಕಳಿಸುತ್ತೇನೆ.
ಅದು ತಿರುಗಿ ಬಂದದ್ದು ಪರದೆಯ ಮೇಲೆ ಗೆರೆ.
ಗೆರೆ ನೆಟ್ಟಗಿದ್ದರೆ ಸಹಿ.
ಸಹಿ ಹಾಕುವ ಮುಂಚೆ, ಯಾರೂ ನೋಡದಿದ್ದರೆ,
ಸ್ಪ್ಯಾನರಿನ ಹಿಂಬದಿಯಿಂದ ಒಂದು ಏಟು.
ಠಣ್.
ಆಚೆ ಚಾಮುಂಡಿ ಬೆಟ್ಟದ ತನಕ ಹೋಗುತ್ತದೆ ಅನ್ನಿಸುತ್ತದೆ.
ಹೋಗುವುದಿಲ್ಲ, ಗೊತ್ತು,
ತಗಡಿನ ಸೂರಿಗೆ ತಾಗಿ ಅಲ್ಲೇ ಇಳಿಯುತ್ತದೆ.

ಕೆಲಸಕ್ಕೆ ಸೇರಿದ ಮೊದಲ ವಾರ
ಊಟದ ಹೊತ್ತಲ್ಲಿ ನಾನೂ ಕೂತು ಅಳೆದೆ,
ಹಳೆ ಹಳಿ ಇದ್ದ ಗುರುತಿನಿಂದ ಹೊಸ ಹಳಿಯವರೆಗೆ.
ನನ್ನ ಗೇಣು ಚಿಕ್ಕದು.
ಮೂರೂವರೆ ಬರುತ್ತದೆ.