ಉದಾಕ್

ಅರಬೈಲ್ ಘಟ್ಟದ ಮೂರನೇ ತಿರುವಿನಲ್ಲಿ
ಗಾಡಿ ಮೊದಲು ಕೆಮ್ಮಿತು.
ಎರಡನೇ ಗೇರಿಗೆ ಇಳಿಸಿದೆ. ಪೆಡಲು ತಳ ಕಂಡರೂ
ಎಂಜಿನ್ನು ಒಲ್ಲೆ ಎಂದಿತು.
ಬಿಳಿ ಹೊಗೆ. ಮೈಯೆಲ್ಲ ಒಂದು ನಡುಕ. ಆಮೇಲೆ
ಬರ್ಫದ ನೀರು ಡಾಂಬರಿಗೆ ತೊಟ್ಟಿಕ್ಕುವ ಸದ್ದು, ಅಷ್ಟೇ.

ಹಿಂದೆ ನಲವತ್ತು ಕ್ರೇಟು ಬಂಗಡೆ, ಆರು ಶೆಟ್ಲಿ.
ಬೈತಖೋಲ ಬಿಟ್ಟದ್ದು ರಾತ್ರಿ ಹನ್ನೊಂದಕ್ಕೆ,
ಹುಬ್ಬಳ್ಳಿಯಲ್ಲಿ ಐದಕ್ಕೆ ಹರಾಜು.
ಕ್ಲೀನರ್ ಬೀರ ಗಾಲಿಗೆ ಕಲ್ಲು ಕೊಟ್ಟು ಬಂದು
ನನ್ನ ಮುಖ ನೋಡಿದ.
ನಾನು ಬಾನೆಟ್ಟು ನೋಡಿದೆ.

ಇಡಗುಂದಿಯಿಂದ ಜೂಜೆ ಸಿದ್ದಿ ಬಂದ,
ದೀಪವಿಲ್ಲದ ಲೂನಾ, ಬಾಯಲ್ಲಿ ಬ್ಯಾಟರಿ.
ಏನಾಯ್ತು ಎಂತಾಯ್ತು ಕೇಳಲಿಲ್ಲ.
ಫಿಲ್ಟರಿನ ಬುಡದ ತಿರುಪು ಎರಡು ಸುತ್ತು ಸಡಿಲಿಸಿ
ಖಾಲಿ ಕ್ವಾರ್ಟರ್ ಬಾಟಲಿ ಒಡ್ಡಿದ.
ತುಂಬಿದ್ದನ್ನು ರಸ್ತೆಬದಿ ಕಟ್ಟೆಯ ಮೇಲಿಟ್ಟು
ಬೀಡಿ ಹಚ್ಚಲು ದೂರ ಹೋದ.
"ತಡಿ ಮಾರಾಯಾ. ಅದೇ ಹೇಳ್ತದೆ."

ಬಾಟಲಿಯ ಬೆನ್ನಿಗೆ ಬೆಳಕು ಹಿಡಿದು ಕೂತೆವು.
ಮೊದಲು ಎಲ್ಲ ಒಂದೇ, ಗಂಜಿತಿಳಿಯಂಥ ಮಬ್ಬು.
ಎರಡು ಲಾರಿ ಇಳಿದು ಹೋದವು.
ಮೆಲ್ಲಗೆ, ಯಾರೋ ಒಳಗಿಂದ ಗೆರೆ ಎಳೆದ ಹಾಗೆ,
ಮೇಲೆ ಜೇನಿನ ಬಣ್ಣ,
ಕೆಳಗೆ ಎರಡು ಬೆರಳು ಬಣ್ಣವೇ ಇಲ್ಲದ್ದು,
ನಡುವೆ ಕಪ್ಪು ಲೋಳೆಯ ಒಂದು ಎಳೆ
ಅತ್ತ ಹೋಗಲೋ ಇತ್ತ ಹೋಗಲೋ ಎಂದು.

"ಉದಾಕ್," ಎಂದ ಜೂಜೆ.
ನೀರು ಎನ್ನಲು ಅವನಿಗೆ ಬರುತ್ತಿತ್ತು.
ಕೆಟ್ಟ ಸುದ್ದಿಗೆ ಮನೆಮಾತೇ ಬೇಕೇನೋ.

"ಯಾವ ಬಂಕು?"
ಅಂಕೋಲೆಯದು ಎಂದೆ.
ಅವನು ಮೇಲಿನದನ್ನು ಡಬ್ಬಕ್ಕೆ ಬಸಿದು
ತಳದ್ದಕ್ಕೆ ಬೆರಳು ಅದ್ದಿ
ನಾಲಗೆಗೆ ಮುಟ್ಟಿಸಿ, ಉಗಿದ.
"ಅಂಕೋಲೆ ಬಂಕಲ್ಲಿ ಉಪ್ಪೂ ಮಾರ್ತಾರಾ?"

ಬೀರ ಕಲ್ಲು ಸರಿಯಾಗಿದೆಯೇ ನೋಡಲು ಹೋದ.
ಅವನೇ ಹೊತ್ತು ತಂದದ್ದು, ಬಾವನ ಬೋಟಿನಿಂದ,
ಸಬ್ಸಿಡಿ ಡೀಸೆಲ್ಲಿನ ನೀಲಿ ಕ್ಯಾನು, ಅರ್ಧ ರೇಟಿಗೆ.
ಹಲಗೆ ದಾಟುವಾಗ ಹೇಳಿದ್ದ,
"ಇದು ದಿನದಕ್ಕಿಂತ ಭಾರ ಉಂಟು, ಅಣ್ಣಾ."
ಭಾರ ಇದ್ದರೆ ಲಾಭ, ಬಾಯಿ ಮುಚ್ಚು ಎಂದಿದ್ದೆ.

ಹಳೆಯ ಫಿಲ್ಟರು ಬಿಚ್ಚಿ ಬಂತು,
ಸುಟ್ಟ ದೋಸೆಯ ಹೆಂಚಿನ ಬಣ್ಣ.
ಟಾಂಕಿಯ ತಳದ ನಟ್ಟು ತೆಗೆದು
ನೀರು ಮುಗಿದು ಎಣ್ಣೆ ಬರುವ ತನಕ ಹಿಡಿದೆವು.
ಜೂಜೆಯ ಡಬ್ಬದ ಡೀಸೆಲ್ಲು
ನನ್ನ ಹೊಸ ಪಂಚೆಯ ನಾಲ್ಕು ಮಡಿಕೆಯಲ್ಲಿ ಸೋಸಿತು.
(ಹೊಸದೇ ಬೇಕೆಂದ. ಹಳೆಯದು ನೂಲು ಬಿಡ್ತದಂತೆ.)
ಆಮೇಲೆ ಕೈಪಂಪು. ಬೀರ ಒತ್ತಿದ, ಒತ್ತಿದ,
ಮೇಲಿನ ತಿರುಪಿನ ಬಾಯಲ್ಲಿ
ನೊರೆ, ಗುಳ್ಳೆ, ಮತ್ತೆ ಗುಳ್ಳೆ,
ಸಿಕ್ಕಿಬಿದ್ದವನು ಹೇಳುವ ನೆಪಗಳ ಹಾಗೆ.
ಹೆಬ್ಬೆರಳಿಗೆ ಪಂಪು ಗಟ್ಟಿಯಾದಾಗ
ಗುಳ್ಳೆಯಿಲ್ಲದ ಒಂದು ಸಣ್ಣ ಧಾರೆ.
"ಬಿಗಿ," ಎಂದ.

ಮೂರನೇ ಸೆಲ್ಫಿಗೆ ಹತ್ತಿಕೊಂಡಿತು.
"ಫಿಲ್ಟರಿಗೆ ಆರುನೂರು, ಕೈಗೆ ಮುನ್ನೂರು,
ನಾಲಗೆಗೆ ನೂರು." ಚೌಕಾಸಿ ಮಾಡಲಿಲ್ಲ.

ಹುಬ್ಬಳ್ಳಿ ಮುಟ್ಟಿದಾಗ ಏಳೂವರೆ.
ಬಂಗಡೆಯ ಕಣ್ಣು ಮಬ್ಬಾಗಿತ್ತು,
ಕೊಳ್ಳುವವರು ಕಣ್ಣನ್ನೇ ನೋಡುತ್ತಾರೆ.

ಈಗ ದಿನಾ ಗಾಡಿ ಹಚ್ಚುವ ಮೊದಲು
ಬೀರ ಅದೇ ಬಾಟಲಿ ಒಡ್ಡಿ ತಿರುಪು ಸಡಿಲಿಸುತ್ತಾನೆ,
ಬಿಣಗಾದ ಬಿಸಿಲಿಗೆ ಎತ್ತಿ ಹಿಡಿಯುತ್ತಾನೆ.
ರಾತ್ರಿ ಟಾಂಕಿ ತುಂಬಿಯೇ ನಿಲ್ಲಿಸುತ್ತೇವೆ,
ಖಾಲಿ ಜಾಗ ಬೆವರುತ್ತದೆ.
ಬಾವನ ಫೋನು ಬರುತ್ತಲೇ ಇರುತ್ತದೆ.
ಎತ್ತುವುದಿಲ್ಲ. ಒಮ್ಮೆ ಎತ್ತಿದೆ,
ಟ್ರಿಪ್ಪಿಗೆ ಸಾವಿರ ಉಳಿಯುವ ಮಾತು.
ಅಂದು ಬೀರ ಕ್ಯಾನು ಎತ್ತಿದವನು
ಹಲಗೆಯ ನಡುವೆ ನಿಂತ,
ಕಣ್ಣು ಮುಚ್ಚಿ, ತೋಳಲ್ಲೇ ತೂಗುತ್ತ.
ಕೆಳಗೆ ಭರತದ ನೀರು ಬೋಟಿಗೆ ಬಡಿಯುತ್ತಿತ್ತು.
ನಾನು ದಡದಲ್ಲಿ ಕಾದೆ.