ಮರದ ಹಿಡಿಯ ಸ್ಕ್ರೂಡ್ರೈವರು

ಬೈಕಂಪಾಡಿಯ ಶೆಡ್ಡಿನಲ್ಲಿ ಮೂರು ಗಂಟೆಯ ಹೊತ್ತಿಗೆ
ಮಿಲ್ಲಿಂಗ್ ಮೆಷಿನ್ ಹಲ್ಲು ಕಡಿಯತೊಡಗಿತು.
ಸ್ಲೇಟಿನ ಮೇಲೆ ಕಡ್ಡಿ ಓರೆ ಹಿಡಿದು ಎಳೆದಂತೆ,
ತಗಡಿನ ಮಾಡಿಗೆಲ್ಲ ಮುಳ್ಳೇಳುವ ಹಾಗೆ.

ಮಲ್ಪೆಯ ಬೋಟಿನ ವಿಂಚಿಗೆ ಹೋಗಬೇಕಾದ ತುಂಡು.
ಗೋಡೆ ತೆಳು, ಒಳಗೆ ಆಳ.
ನಿಲ್ಲಿಸಿ ನೋಡಿದರೆ
ಸ್ಟೀಲಿನ ಮೈತುಂಬ ಸಾಲುಸಾಲು ಗೆರೆ,
ಹುರುಪೆ ಕೆರೆಯದ ಮೀನು.
ಹೆದರಿ ಫೀಡ್ ಇಳಿಸಿದೆ.
ಇನ್ನೂ ಜೋರಾಗಿ ಕಿರುಚಿತು.

ಪಿಯೂಸ್ ಮೇಸ್ತ್ರಿ ಬಂದರು.
ಎಡಗಿವಿ ಹೋಗಿ ಹನ್ನೆರಡು ವರ್ಷ, ಬಲಗಿವಿ ಅರ್ಧ.
ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಮೆಷಿನಿನ ತಲೆಗೆ ಒತ್ತಿ
ಮರದ ಹಿಡಿಯನ್ನು ಹಲ್ಲಲ್ಲಿ ಕಚ್ಚಿ
ಕಣ್ಣು ಮುಚ್ಚಿದರು.
ರಝಾಕ ನಗು ನುಂಗಿದ.

"ಎಂತ ಸುಗಂಧಿ,
ಬಾಲದ ತುದಿ ಹಿಡಿದು ಕೆಲಸ ಮಾಡಿಸ್ತೀಯಾ ಅದರ ಹತ್ರ?"
ಕೊಲೆಟ್ ಸಡಿಲಿಸಿ ಕಟರನ್ನು ಒಳಗೆ ತಳ್ಳಿದರು,
ಆಳಕ್ಕೆ ಬೇಕಾದಷ್ಟು, ಮೇಲೆ ಎರಡು ಮಿಲ್ಲಿ.
ತೆಳು ಗೋಡೆಯ ಬೆನ್ನಿಗೆ ಹಲಸಿನ ಮರದ ತುಂಡು ಕೊಟ್ಟು ಬಿಗಿದರು.
ಮೂರು ಸಾವಿರದ ಸ್ಪೀಡು ಎರಡು ಸಾವಿರದ ಆರುನೂರಕ್ಕೆ ಬಂತು.
"ಈಗ ಫೀಡ್ ಏರಿಸು."

ಏರಿಸುವುದಾ?

"ಏರಿಸು ಮಾರಾಯ್ತಿ.
ಉಜ್ಜಿದರೆ ಕೂಗ್ತದೆ, ಕಚ್ಚಿದರೆ ಸುಮ್ಮನಾಗ್ತದೆ."

ಐಟಿಐಯಲ್ಲಿ ಹದಿನೆಂಟು ಹುಡುಗರ ನಡುವೆ ಒಬ್ಬಳೇ ನಿಂತು
ಮೆಲ್ಲಗೆ, ಇನ್ನೂ ಮೆಲ್ಲಗೆ ಅಂತಲೇ ಕಲಿತವಳು ನಾನು.
ಗುಂಡಿಯ ಮೇಲೆ ಬೆರಳು ಸ್ವಲ್ಪ ಹೊತ್ತು ಹಾಗೇ ಇತ್ತು.
ಏರಿಸಿದೆ.

ದಪ್ಪ ನೀಲಿ ಚೂರು ಟ್ರೇಗೆ ಪಟಪಟ ಬಿತ್ತು.
ಶೆಡ್ಡು ಒಮ್ಮೆಲೇ ದೊಡ್ಡದಾಯಿತು:
ಹೈವೇಯ ಟ್ಯಾಂಕರು, ಪಣಂಬೂರಿನಲ್ಲಿ ಯಾವುದೋ ಹಡಗಿನ ಹಾರನ್ನು,
ರಝಾಕನ ಜೇಬಿನೊಳಗಿನ ಕ್ರಿಕೆಟ್ಟು ಕೂಡ
ಕೇಳಿಸಿತು.
ಮೇಸ್ತ್ರಿಗೆ ಕೇಳಿಸಲಿಲ್ಲ.
ಅವರು ಲೋಹದ ಮೇಲೆ ಉಗುರು ಎಳೆದು ನೋಡಿದರು.
ಎಲ್ಲೂ ತಡೆಯಲಿಲ್ಲ.

ಸ್ಕ್ರೂಡ್ರೈವರನ್ನು ನನ್ನ ಬೆಂಚಿನಲ್ಲೇ ಮರೆತು ಹೋದರು.
ಹಿಡಿಯ ತುಂಬ ಹಲ್ಲಿನ ಗುರುತು,
ಹಳೆಯದು ಕಪ್ಪಗೆ, ಇವತ್ತಿನದು ಬೆಳ್ಳಗೆ.

ಆರು ಗಂಟೆಯ ಸಿಟಿ ಬಸ್ಸು.
ಕೂಳೂರು ಸಂಕದ ಮೇಲೆ ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು.
ಟಿಕೆಟನ್ನು ನಾಲ್ಕು ಮಡಿಕೆ ಮಾಡಿ
ಗಾಜಿಗೂ ಚೌಕಟ್ಟಿಗೂ ನಡುವೆ ತುರುಕಿದೆ.
ಪಕ್ಕದ ಹೆಂಗಸು, ಮಡಿಲಲ್ಲಿ ಖಾಲಿ ಮೀನಿನ ಬುಟ್ಟಿ,
ಒಮ್ಮೆ ತಿರುಗಿ ನೋಡಿ ನಿದ್ದೆಹೋದಳು.

ಕೊಟ್ಟಾರದಲ್ಲಿ ಚೆಕ್ಕಿಂಗಿನವ ಹತ್ತಿದ.
ಟಿಕೆಟ್?
ಮಲಗಿದವಳನ್ನು ತೋರಿಸಿ, ಮೆಲ್ಲ ಮಾತಾಡಿ ಎಂದು ಸನ್ನೆ ಮಾಡಿ,
ಗಾಜಿನ ಕಡೆ ಬೆರಳು ಚಾಚಿದೆ.